ಕೆಂಪು ದಾರದ ಗಿಡಗಳು

ಕಾಕುವಿನ ಬಲಗೈ ಹೆಬ್ಬೆರಳಿನ ಉಗುರು ಎಷ್ಟು ತಿಕ್ಕಿದರೂ ಹಸಿರಾಗಿಯೇ ಇರುತ್ತಿತ್ತು. ಆ ಉಗುರಿನಿಂದಲೇ ಸೊಪ್ಪು ಚಿವುಟುತ್ತಿದ್ದರು. ಚಾಕು ತಾಗಿದರೆ ರುಚಿ ಕೆಡುತ್ತದಂತೆ. ವಿಜಯಪುರದ ಕಡೆಯವರು, ಅಲ್ಲಿ ಕಾಕು ಎಂದರೆ ಚಿಕ್ಕಮ್ಮ; ಪರದೇಶದ ಈ ಕೆಂಟನ್ನಿನಲ್ಲಿ ನಮ್ಮ ಪಕ್ಕದ ಮನೆ. ರಸ್ತೆ ದಾಟಿದರೆ ಅವರು ಕೌನ್ಸಿಲ್‌ನಿಂದ ಬಾಡಿಗೆಗೆ ಪಡೆದ ಅಲಾಟ್‌ಮೆಂಟ್, ಪುಟ್ಟ ತರಕಾರಿ ತೋಟ.

ಅಲ್ಲಿ ಪಾಲಕ್, ಬೀಟ್‌ರೂಟ್ ಸಾಲುಗಳ ಪಕ್ಕ ಒಂದು ಮೂಲೆಯನ್ನು ತಾನಾಗಿ ಹುಟ್ಟುವ ಚಕ್ಕೋತ ಸೊಪ್ಪಿಗೆ ಬಿಟ್ಟಿದ್ದರು. "ಇದು ಪಾಲಕಿನ ಖಾಸಾ ದೊಡ್ಡವ್ವ, ತಂಗಿ. ಅಡವ್ಯಾಗ ಬೆಳದಾಳಂತ ಹೊರಗ ಹಾಕ್ತಾರೇನು?" ಎನ್ನುತ್ತಿದ್ದರು. ಕೆಲವು ಗಿಡಗಳಿಗೆ ಹಳೇ ರವಿಕೆಯಿಂದ ಬಿಚ್ಚಿದ ಕೆಂಪು ದಾರ ಕಟ್ಟುತ್ತಿದ್ದರು. ಯಾಕೆಂದು ನಾನು ಕೇಳಿದವಳೇ ಅಲ್ಲ.

ಅವರು ಸೊಂಟದ ಆಪರೇಷನ್‌ಗೆ ಹೋದಾಗ "ತ್ವಾಟಾ ನೋಡ್ಕೋ" ಎಂದು ಕೀಲಿ ಕೊಟ್ಟರು. ಮೂರನೇ ದಿನ ಅಲಾಟ್‌ಮೆಂಟ್ ಕಮಿಟಿಯ ಕಾಗದ: ಮೂಲೆಯ ಕಳೆ ತೆಗೆಯದಿದ್ದರೆ ಎರಡು ವಾರದಲ್ಲಿ ಜಾಗ ವಾಪಸ್. ಎಂಥಾ ಮಹಾನುಭಾವರು! ಇಪ್ಪತ್ತು ವರ್ಷ ಬೆವರು ಸುರಿಸಿದವಳು ಹಾಸಿಗೆ ಹಿಡಿದಿದ್ದಾಳೆ, ಇವರಿಗೆ ಕಳೆಯ ಚಿಂತೆ. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಅದಕ್ಕಿಂತ ಹೆಚ್ಚು ಉರಿಯುವುದು ನನ್ನ ಮೇಲೇ. ಡಾಕ್ಟರ್ ಅನ್ನಿಸಿಕೊಂಡವಳು ನಾನು. ಕೆಂಪು ಎಂದರೆ ಅಪಾಯ, ಕೀಳಲೆಂದೇ ಗುರುತು ಹಾಕಿದ್ದಾರೆ ಎಂದುಕೊಂಡು ದಾರ ಕಟ್ಟಿದ್ದನ್ನೇ ಮೊದಲು ಕಿತ್ತೆ. ಮೂಲೆಯನ್ನೆಲ್ಲ ಆಳವಾಗಿ ಅಗೆದೆ.

ಗಾಲಿಕುರ್ಚಿಯಲ್ಲಿ ಬಂದ ಕಾಕು ನೇರ ಆ ಮೂಲೆಗೇ ಗಾಲಿ ತಿರುಗಿಸಿದರು.

"ದಾರ ಕಟ್ಟಿದ್ವು ಎಲ್ಲಿ?"

"ಕೀಳೋಕೆ ಅಂದ್ಕೊಂಡೆ ಕಾಕು."

"ಬೀಜಕ್ಕ ಬಿಟ್ಟಿದ್ದೆ. ಒಂದ್ ಮಾತು ಕೇಳಬಾರದಿತ್ತೇನ್ ತಂಗಿ?"

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಬೈಯುವ ಬದಲು ಮರುವಾರ ಅಲಾಟ್‌ಮೆಂಟಿನ ಕಾಗದದಲ್ಲಿ ತಮ್ಮ ಹೆಸರಿನ ಜೊತೆ ನನ್ನದನ್ನೂ ಸೇರಿಸಿದರು. "ದಾರ ಯಾಕಂತ ಈಗ ನಿನಗ ಗೊತ್ತೈತಲ್ಲ" ಎಂದರು.

ಆ ಚಳಿಗಾಲದಲ್ಲೇ ಕಾಕು ತೀರಿಕೊಂಡರು. ಕೊನೆಯ ಸಲ ಕೈ ಹಿಡಿದಾಗ ಆ ಉಗುರು ಬಿಳಿಚಿಕೊಂಡಿತ್ತು.

ಚಕ್ಕೋತದ ಬೀಜ ಮಣ್ಣೊಳಗೆ ವರ್ಷಗಟ್ಟಲೆ ಬದುಕಿರುತ್ತದೆ, ಅಗೆದು ಮೇಲೆ ತಂದರೆ ಮೊಳೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ವಸಂತದಲ್ಲಿ ನೋಡಿದರೆ ನಾನು ಅಗೆದ ಮೂಲೆಯಲ್ಲೇ ಹಿಂದೆಂದಿಗಿಂತ ದಟ್ಟವಾಗಿ ಎದ್ದಿದೆ. ಹಿಂದೆಯೇ ಕಮಿಟಿಯ ಕಾಗದವೂ ಬಂತು, ಈ ಸಲ ನನ್ನ ಹೆಸರಿಗೆ.

ನನ್ನ ಹಳೇ ರವಿಕೆಯೊಂದರ ಹೊಲಿಗೆ ಬಿಚ್ಚಿ, ಎತ್ತರದ ಹನ್ನೊಂದು ಗಿಡಗಳಿಗೆ ಕೆಂಪು ದಾರ ಕಟ್ಟಿ ಬಂದಿದ್ದೇನೆ. ಬರಲಿ ಆ ಮಹಾನುಭಾವರು, ಕೀಳಲಿ ನೋಡೋಣ.