ಅಮ್ಮನ ಕೈ ತೊದಲಿದ ತಿಂಗಳುಗಳು

ನನ್ನ ಸೋದರಮಾವ ಒಮ್ಮೆ ಸರಿಮಾಡಿದ್ದನ್ನು ಮತ್ತೆ ಮುಟ್ಟುವವನಲ್ಲ, ಬೇರೆಯವರಿಗೆ ಮುಟ್ಟಲು ಬಿಡುವವನೂ ಅಲ್ಲ. ಅವನ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಲ್ಲಿ ಫ್ಯಾನಿನ ಸ್ವಿಚ್ಚಿನಿಂದ ಹಿಡಿದು ಕಿಟಕಿಯ ಚಿಲಕದವರೆಗೆ ಎಲ್ಲದರ ಮೇಲೂ ಒಂದೇ ಚೀಟಿ: ‘ಸರಿಯಿದೆ, ಮುಟ್ಟಬೇಡಿ.’ ಗಿರಾಕಿಗಳು ಅವನನ್ನೇ ‘ಮುಟ್ಟಬೇಡಿ’ ಎಂದು ಕರೆಯುತ್ತಾರೆ. ಅದು ಅವನಿಗೂ ಗೊತ್ತು, ಒಳಗೊಳಗೇ ಖುಷಿ.

ಕೆಲಸ ಬಾರದವನು ಎಂದು ಮಾತ್ರ ಯಾರೂ ಹೇಳುವಂತಿಲ್ಲ. ಗುಜರಿಗೆ ಹೊರಟ ಲ್ಯಾಪ್‌ಟಾಪುಗಳನ್ನು ತಡೆದು, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಓಡಿಸುತ್ತಾನೆ. ಕಳಚಿದ ತಿರುಪುಗಳನ್ನು ಖಾಲಿಯಾದ ಮಾತ್ರೆ ಪಟ್ಟಿಯ ಗುಳಿಗಳಲ್ಲಿ ಸಾಲಾಗಿ ಇಡುತ್ತಾನೆ. ಕೊನೆಯಲ್ಲಿ ಒಂದು ತಿರುಪು ಉಳಿದುಬಿಟ್ಟರೆ ಅಂದು ಅವನಿಗೆ ಊಟ ಸೇರುವುದಿಲ್ಲ.

ನಮ್ಮಮ್ಮ ಅವನ ಅಕ್ಕ. ಅವಳಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಮಾವ ಬಾಯಿಮಾತು ಕಲಿಯುವ ಮೊದಲೇ ಅಕ್ಕನ ಕೈಮಾತು ಕಲಿತನಂತೆ. ಚಿಕ್ಕಂದಿನಲ್ಲಿ ಅವಳ ಜೊತೆ ಅಂಗಡಿಗೆ ಹೋಗಿ ಅವಳ ಪರವಾಗಿ ಜಗಳವಾಡಿ ಬರುತ್ತಿದ್ದವನೂ ಅವನೇ. ಅಂಗಡಿಯವನು ಬೈದದ್ದನ್ನು ಅಕ್ಕನಿಗೆ ಅರ್ಧ ದಾಟಿಸುತ್ತಿದ್ದನಂತೆ, ಅಕ್ಕ ಬೈದದ್ದನ್ನು ಅವನಿಗೆ ದುಪ್ಪಟ್ಟು ಮಾಡಿ. ಅವಳೆಂದರೆ ಅವನಿಗೆ ಪ್ರಾಣ. ಅದಕ್ಕೇ ಈ ಕಥೆ ಹೇಳುವಾಗ ನನಗೆ ಅವನನ್ನು ಮನಸಾರೆ ಬೈಯಲೂ ಆಗುವುದಿಲ್ಲ.

ಅಮ್ಮನಿಗೆ ಒಬ್ಬಳೇ ಗೆಳತಿ, ಕಿವುಡರ ಶಾಲೆಯ ಹಾಸ್ಟೆಲಿನಲ್ಲಿ ಪಕ್ಕದ ಮಂಚದವಳು. ಕೈಮಾತಿನಲ್ಲಿ ಅವಳ ಹೆಸರು, ಕೆನ್ನೆಗೆ ಬೆರಳೂರಿ ತಿರುವುವುದು. ಗುಳಿಕೆನ್ನೆ ಎಂದರ್ಥ. ಅವಳಿರುವುದು ದೂರದ ಊರಿನಲ್ಲಿ, ಮಗ ಸೊಸೆಯ ಜೊತೆ. ಆ ಮನೆಯಲ್ಲಿ ಯಾರಿಗೂ ಕೈಮಾತು ಬಾರದು. ಸಾಲದ್ದಕ್ಕೆ ಅವಳ ಕಣ್ಣು ಅಂಚುಗಳಿಂದ ಒಳಕ್ಕೆ ಮುಚ್ಚುತ್ತಾ ಬಂತು. ಉಳಿದಿದ್ದು ನಡುವಿನ ಒಂದು ಕಿಂಡಿ. ಅದೂ ಒಂದು ದಿನ ಮುಚ್ಚುತ್ತದೆ, ಯಾವಾಗ ಎಂದು ಹೇಳಲಾರೆವು ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

“ಕಣ್ಣು ಕಾಣೋವರೆಗೂ ಮಾತಾಡಿ ಮುಗಿಸ್ಕೊಳೋಣ,” ಎಂದಿದ್ದಳು ಗುಳಿಕೆನ್ನೆ. ಅದಕ್ಕಾಗಿಯೇ ಮಾವ ಅಮ್ಮನಿಗೊಂದು ಲ್ಯಾಪ್‌ಟಾಪ್ ಕಟ್ಟಿಕೊಟ್ಟ. ಅಮ್ಮನ ಮೊಬೈಲು ಗುಂಡಿ ಒತ್ತುವಂಥದ್ದು, ಅದರಲ್ಲಿ ಮುಖ ಕಾಣುವುದಿಲ್ಲ. ದಿನಾ ಮಧ್ಯಾಹ್ನ ಅಮ್ಮ ಕುರ್ಚಿಯನ್ನು ಗೋಡೆಯವರೆಗೆ ಹಿಂದಕ್ಕೆ ಎಳೆದುಕೊಂಡು, ಗೆಳತಿಯ ಕಿಂಡಿಯೊಳಗೆ ಹಿಡಿಸುವಂತೆ ಕೈಗಳನ್ನು ಗಲ್ಲದ ಹತ್ತಿರ ಇಟ್ಟುಕೊಂಡು ಸಣ್ಣಸಣ್ಣಗೆ ಮಾತಾಡುತ್ತಿದ್ದಳು. ಹಾಸ್ಟೆಲಿನ ವಾರ್ಡನ್ನಿನ ನಡಿಗೆಯನ್ನು ಕೂತಲ್ಲೇ ಅಣಕಿಸಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಹೀಗಿರುವಾಗ ಒಂದು ಅಪ್‌ಡೇಟ್ ಬಂದು ಪರದೆ ಕಪ್ಪಾಯಿತು. ಮಾವ ಓಡಿ ಬಂದ. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಲಿನಕ್ಸಿಗೆ ಹೊಂದಿಸುವ ತಂತ್ರಾಂಶ, ರಿಪೇರಿಯವರು ಡ್ರೈವರ್ ಎನ್ನುವುದು, ಕೆಟ್ಟಿತ್ತು. ಹಳೆಯ ಡ್ರೈವರನ್ನೇ ವಾಪಸು ಹಾಕಿದ. ಪರದೆ ಬೆಳಗಿತು. ಅಷ್ಟಕ್ಕೇ ಬಿಟ್ಟಿದ್ದರೆ ಅವನು ನಮ್ಮ ಮಾವನೇ ಅಲ್ಲ. ಇನ್ನು ಯಾವ ಅಪ್‌ಡೇಟೂ ಆ ಡ್ರೈವರನ್ನು ಬದಲಿಸದಂತೆ ಬೀಗ ಹಾಕಿದ. ಹಾಗೆ ಬೀಗ ಹಾಕುವ ಸೌಲಭ್ಯ ಲಿನಕ್ಸಿನಲ್ಲೇ ಇದೆ. ಮೇಲೊಂದು ಚೀಟಿಯನ್ನೂ ಅಂಟಿಸಿ, ತನ್ನ ಬೆನ್ನು ತಾನೇ ತಟ್ಟಿಕೊಂಡು ಹೋದ.

ಉಳಿದದ್ದೆಲ್ಲ ತನ್ನ ಪಾಡಿಗೆ ಹೊಸದಾಗುತ್ತಾ ಹೋಯಿತು, ಡ್ರೈವರೊಂದು ಹಳೆಯದಾಗಿಯೇ ಉಳಿಯಿತು. ಸ್ವಲ್ಪ ದಿನಕ್ಕೆ ಇಬ್ಬರ ಕಡೆಯೂ ಚಿತ್ರ ತಡೆತಡೆದು ಬರತೊಡಗಿತು. ಬಾಯಿಮಾತಿನವರಿಗೆ ಅದು ಅಷ್ಟೇನೂ ತೊಂದರೆಯಲ್ಲ, ದನಿ ಕೇಳಿದರೆ ಸಾಕು. ಕೈಮಾತಿಗೆ ಹಾಗಲ್ಲ. ಕೈ ಇಲ್ಲಿಂದ ಅಲ್ಲಿಗೆ ಹೋಗುವ ದಾರಿಯಲ್ಲೇ ಅರ್ಥ ಇರುವುದು. ಆ ದಾರಿಯೇ ಕಾಣೆಯಾದರೆ ಒಂದಷ್ಟು ಬೆರಳು ಮಾತ್ರ ಉಳಿಯುತ್ತವೆ.

“ನೆಟ್ ಸರಿಯಿಲ್ಲ ಅಕ್ಕ,” ಎಂದ ಮಾವ. ರೂಟರ್ ಬದಲಾಯಿಸಿದ. ಹೊಸ ಕ್ಯಾಮೆರಾ ತಂದ. ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಮುಟ್ಟಿದರೆ ಜ್ವರ ಬಂದ ಹಾಗಿದೆ ಎಂದು ಅಮ್ಮ ಹೇಳಿದಳು. ಬಿಚ್ಚಿ ಧೂಳು ತೆಗೆದ, ಮೆಮೊರಿ ಹೆಚ್ಚಿಸಿದ. ಮೈಮುರಿದು ದುಡಿದ, ಸುಳ್ಳಲ್ಲ. ಆದರೆ ಡ್ರೈವರಿನ ಕಡೆ ಮಾತ್ರ ತಿರುಗಿಯೂ ನೋಡಲಿಲ್ಲ. ಅದನ್ನು ಅವನು ಸರಿಮಾಡಿ ಆಗಿತ್ತಲ್ಲ.

ಅಷ್ಟರಲ್ಲಿ ಗುಳಿಕೆನ್ನೆಯ ಸೊಸೆಯಿಂದ ಮೆಸೇಜು ಬಂತು: ಅತ್ತೆಗೆ ಕಣ್ಣು ಆಯಾಸವಂತೆ, ಸ್ವಲ್ಪ ದಿನ ಕಾಲ್ ಬೇಡವಂತೆ. ಅಮ್ಮ ಬಲವಂತ ಮಾಡಲಿಲ್ಲ. ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ತಳ್ಳಿ, ಮಧ್ಯಾಹ್ನ ಮಲಗುವುದನ್ನು ರೂಢಿ ಮಾಡಿಕೊಂಡಳು. ಸ್ವಲ್ಪ ದಿನ ಎಂದದ್ದು ತಿಂಗಳುಗಟ್ಟಲೆ ಎಳೆಯಿತು.

ನನ್ನ ಕೆಲಸ ಬೇರೆ ಊರಿನ ಮುದ್ರಣಾಲಯದಲ್ಲಿ, ಆ ವರ್ಷ ಬಹಳ ಕಾಲ ಬರಲಾಗಿರಲಿಲ್ಲ. ಬಂದವಳಿಗೆ ಹೊಸಿಲಲ್ಲೇ ಲ್ಯಾಪ್‌ಟಾಪಿನ ಫ್ಯಾನು ಭರ್ರೆಂದು ಅರಚುವುದು ಕೇಳಿಸಿತು. ಪಕ್ಕದಲ್ಲೇ ಕೂತಿದ್ದ ಅಮ್ಮನಿಗೆ ಅದು ಕೇಳಿಸುವುದಾದರೂ ಹೇಗೆ? ನಾನು ಫೋನಿನಲ್ಲಿದ್ದ ಮಗಳ ವಿಡಿಯೋವನ್ನು ಲ್ಯಾಪ್‌ಟಾಪಿಗೆ ಹಾಕಿ ತೋರಿಸಿದೆ. ಫೋನಿನಲ್ಲಿ ಕುಣಿಯುತ್ತಿದ್ದ ಮಗು ಲ್ಯಾಪ್‌ಟಾಪಿನಲ್ಲಿ ತಡವರಿಸಿತು. ಮಾವನನ್ನು ಕರೆಸಿದೆ.

“ನೆಟ್ಟು...” ಎಂದು ಶುರುಮಾಡಿದ.

“ಈ ವಿಡಿಯೋ ಲ್ಯಾಪ್‌ಟಾಪಿನೊಳಗೇ ಇದೆ ಮಾವ. ಇದಕ್ಕೆ ನೆಟ್ ಯಾಕೆ ಬೇಕು?”

ಅವನು ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡ. ಕೂತು, ಚಿತ್ರ ಬಿಡಿಸುತ್ತಿರುವುದು ಯಾವ ಭಾಗ ಎಂದು ಕೇಳುವ ಕಮ್ಯಾಂಡ್ ಟೈಪ್ ಮಾಡಿದ. ಗ್ರಾಫಿಕ್ಸ್ ಕಾರ್ಡಿನ ಹೆಸರು ಬರಬೇಕಿದ್ದ ಜಾಗದಲ್ಲಿ ಪ್ರೊಸೆಸರಿನ ಹೆಸರು ಬಂತು. ಬೀಗ ಬಿದ್ದ ಹಳೆಯ ಡ್ರೈವರ್ ಹೊಸ ಲಿನಕ್ಸಿಗೆ ಹೊಂದದೆ ಹೊರಗುಳಿದಿತ್ತು. ಕಾರ್ಡು ಕೈಕಟ್ಟಿ ಕೂತಿತ್ತು, ಅದರ ಪಾಲಿನ ಕೆಲಸವನ್ನೂ ಹೊತ್ತುಕೊಂಡು ಪ್ರೊಸೆಸರ್ ಏದುಸಿರು ಬಿಡುತ್ತಿತ್ತು. ಮಾವ ಆ ಸಾಲನ್ನು ನೋಡುತ್ತಲೇ ಇದ್ದ. ಬೈಯಬೇಕೆಂದಿದ್ದೆ, ಆದರೆ ಅವನ ಮುಖ ನೋಡಿ ಕಾಫಿ ತಂದು ಪಕ್ಕದಲ್ಲಿಟ್ಟೆ.

ಬೀಗ ತೆಗೆದ. ಹೊಸ ಡ್ರೈವರ್ ಹಾಕಿ ಮತ್ತೆ ಶುರುಮಾಡಿದ. ಫ್ಯಾನು ಸುಮ್ಮನಾಯಿತು, ಮಗು ಸಲೀಸಾಗಿ ಕುಣಿಯಿತು. ಅಷ್ಟು ತಿಂಗಳ ತೊಂದರೆ ಒಂದು ಲೋಟ ಕಾಫಿ ಆರುವಷ್ಟರಲ್ಲಿ ಮುಗಿದಿತ್ತು.

ಅಮ್ಮ ಆಗಲೇ ಕುರ್ಚಿಯನ್ನು ಗೋಡೆಗೆ ಎಳೆದುಕೊಂಡಿದ್ದಳು. ಕಾಲ್ ಹೋಯಿತು. ಸೊಸೆ ಎತ್ತಿಕೊಂಡು, ಅತ್ತೆಯನ್ನು ತೋಳು ಹಿಡಿದು ಕರೆತಂದು ಕೂರಿಸಿದಳು. ಗುಳಿಕೆನ್ನೆಯ ಮುಖ ಪರದೆಯ ಕಡೆಗಿರಲಿಲ್ಲ, ತುಸು ಪಕ್ಕಕ್ಕಿತ್ತು.

“ಈಗ ಬೆಳಕು ಕತ್ತಲೆ ಅಷ್ಟೇ ಗೊತ್ತಾಗೋದು,” ಎಂದಳು ಸೊಸೆ ನನಗೆ. “ಹೋದ ತಿಂಗಳಿಂದ. ಏನಿದ್ರೂ ಅಂಗೈ ಮೇಲೆ ಬರೆದು ಹೇಳ್ತೀವಿ.”

ಗುಳಿಕೆನ್ನೆ ಕೈಯೆತ್ತಿ ಮಾತಾಡಿದಳು. ಒಂದೊಂದು ಬೆರಳೂ ಸ್ಪಷ್ಟವಾಗಿ ಕಂಡಿತು. “ಕೋಪ ಮಾಡ್ಕೋಬೇಡ. ನಿನ್ನ ಕೈ ತೊದಲೋಕೆ ಶುರುವಾದಾಗಲೇ ನನ್ನ ಕಣ್ಣು ಮುಗೀತು ಅಂದ್ಕೊಂಡೆ. ನಿನಗೆ ಹೇಳಿದ್ರೆ ಅಳ್ತೀಯ ಅಂತ ಆಯಾಸ ಅಂದೆ.”

ಮಾವ ಅಷ್ಟನ್ನೂ ಓದಿಕೊಂಡ. ಕ್ಯಾಮೆರಾದ ಮುಂದೆ ಬಗ್ಗಿ ಸೊಸೆಗೆ ಹೇಳಿದ, “ಅವರ ಕಣ್ಣಲ್ಲಮ್ಮ, ನಮ್ಮ ಲ್ಯಾಪ್‌ಟಾಪು ಕೆಟ್ಟಿದ್ದು. ನಾನು ಮಾಡಿದ್ದು. ಹಾಗಂತ ಬರಿ.”

ಸೊಸೆ ಅತ್ತೆಯ ಅಂಗೈಯಲ್ಲಿ ಒಂದೊಂದೇ ಅಕ್ಷರ ಬರೆದಳು. ಗುಳಿಕೆನ್ನೆ ಸೊಸೆಯ ಬೆರಳನ್ನು ಹಿಡಿದು ನಿಲ್ಲಿಸಿದಳು. ಆಮೇಲೆ ಕೈಯೆತ್ತಿ ಕೇಳಿದಳು:

“ಹಾಗಾದ್ರೆ ಆಗ ನನಗೆ ಕಾಣ್ತಿತ್ತಾ?”

ಅಮ್ಮ ತಲೆಯಾಡಿಸಿದಳು. ಅದು ಅವಳಿಗೆ ಕಾಣದು ಎಂದು ಹೊಳೆದು ನನ್ನ ಕಡೆ ತಿರುಗಿ, ಹೌದು ಅಂತ ಹೇಳು ಎಂದು ಕೈಯಲ್ಲೇ ಹೇಳಿದಳು. ನಾನು ಹೇಳಿದೆ. ಸೊಸೆ ಬರೆದಳು.