ಗಿರಣಿ ಬೂದಿಯ ತೊಟ್ಟಿ

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಕಾಲ. ಸಿಮೆಂಟಿಗೆ ಪರ್ಮಿಟ್ ಬೇಕಿತ್ತು. ನಮ್ಮವರು ಕೇಳಿದ್ದರಲ್ಲಿ ಅರ್ಧ ಸಿಕ್ಕಿತು. ಅರ್ಧವಾದರೂ ಕೊಡಿಸಿದನಲ್ಲ ಶಿವ ಎಂದುಕೊಂಡೆ.

ನಾನಾಗ ಚೊಚ್ಚಲ ಬಸುರಿ. ಶಿರಂಗಾಲದ ನಮ್ಮ ಹಿತ್ತಲಲ್ಲಿ ಬಾವಿ ತೋಡಿದರೆ ಬರೀ ಬಂಡೆ, ನೀರೆಂದರೆ ಹೊಳೆಯದೇ. ಮಳೆಗಾಲದಲ್ಲಿ ಆ ಜಾರುವ ದಡದಲ್ಲಿ ತುಂಬಿದ ಕೊಡ ಹೊತ್ತು ಹತ್ತುವುದು ನನ್ನಿಂದಾಗದ ಮಾತು. ಮಳೆ ಹಿಡಿಯುವುದರೊಳಗೆ ತೊಟ್ಟಿಯೊಂದನ್ನು ಕಟ್ಟಿ ಸೂರಿನ ನೀರು ಹಿಡಿಯಬೇಕಿತ್ತು.

ಗಾರೆ ಮೇಸ್ತ್ರಿ ಕುಟ್ಟ ಎಂಬ ಊರಿನ ಕಡೆಯವನು. "ಅಕ್ಕಿ ಮಿಲ್ಲಿನ ಹೊಟ್ಟಿನ ಬೂದಿ ತನ್ನಿ. ಕರೀದು ಬೇಡ, ಚೆನ್ನಾಗಿ ಬೆಂದು ಬೆಳ್ಳಗಾಗಿರೋದು. ಸಿಮೆಂಟ್ ಕಮ್ಮಿ ಮಾಡಿ ಅದನ್ನ ಸೇರಿಸುವಾ" ಎಂದ. ಮಿಲ್ಲಿನವರಿಗೆ ಅದು ಹೊರಗೆ ಸುರಿಯುವ ಕಸ. ಗಾಡಿ ತುಂಬ ಬಂತು. ಒರಳಲ್ಲಿ ಕುಟ್ಟಿ, ರಾಗಿ ಜರಡಿಯಲ್ಲಿ ನಾನೇ ಸೋಸಿದೆ. ನನ್ನ ಹುಬ್ಬೆಲ್ಲ ಬೆಳ್ಳಗಾಗಿತ್ತು.

ಅತ್ತೆ ಜಗಲಿಯಿಂದಲೇ ಕೂಗಿದರು: "ತಪ್ಪಲೆ ಉಜ್ಜೋ ಬೂದೀಲಿ ತೊಟ್ಟಿ ಕಟ್ತಾರಂತೆ! ಒಂದಿಷ್ಟು ಹುಣಿಸೆಹಣ್ಣೂ ಹಾಕ್ಸು, ಥಳಥಳ ಅಂತದೆ."

ಕಟ್ಟಿ ಮುಗಿಸಿ ಹೊರಡುವಾಗ ಮೇಸ್ತ್ರಿ ಹೇಳಿದ: "ಬೂದಿ ಸೇರಿದ ಗಾರೆ ಗಟ್ಟಿಯಾಗೋದು ನಿಧಾನ, ಅಕ್ಕಾ. ಹುಲ್ಲು ಹೊದಿಸಿ ನೀರು ಕುಡಿಸ್ತಾ ಇರಿ. ಒಣಗೋಕೆ ಬಿಡಬೇಡಿ."

ಅತ್ತೆ ಹುಟ್ಟಿದಾರಭ್ಯ ಮಣ್ಣಿನ ಗೋಡೆ ಮೆತ್ತಿದವರು. ಮಣ್ಣು ಒಣಗಿದರೇ ಗಟ್ಟಿ. "ಹಿಂಗೆ ನೆನೆಸಿಟ್ರೆ ಕೊಳೀತದೆ ಕಣೇ" ಎನ್ನುತ್ತಲೇ ಇದ್ದರು. ಒಂದು ದಿನ ನಾನು ಪೂಜೆಗೆ ಕೂತಿದ್ದಾಗ ಹುಲ್ಲನ್ನೆಲ್ಲ ಸರಿಸಿ ತೊಟ್ಟಿಯನ್ನು ಬಿಸಿಲಿಗೆ ಬಿಟ್ಟರು. ನಾನೆದ್ದು ಬಂದು ನೋಡಿದರೆ ಮೇಲಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು. ಉಗುರಿಗೆ ಪುಡಿ ಬರುತ್ತಿತ್ತು.

ನಮ್ಮವರು ತಲೆ ಮೇಲೆ ಕೈ ಹೊತ್ತರು. "ಎಲ್ಲಾ ಕೆತ್ತಿ ತೆಗೀಬೇಕು. ಸಿಮೆಂಟ್ ಎಲ್ಲಿಂದ ತರ್ಲಿ?"

ನಾನು ತೊಟ್ಟಿಯೊಳಗೆ ಕೈಯಿಟ್ಟು ನೋಡಿದೆ. ನೆರಳಿದ್ದ ಕಡೆ ಇನ್ನೂ ತಣ್ಣಗಿತ್ತು, ಉಗುರು ಇಳಿಯಲಿಲ್ಲ.

"ಏನೂ ಕೆತ್ತಬೇಡಿ. ಕೆಟ್ಟಿರೋದು ಅಂಚು ಮಾತ್ರ. ಡಬ್ಬದಲ್ಲಿ ಮಿಕ್ಕಿರೋ ಸಿಮೆಂಟಲ್ಲಿ ಅದೊಂದನ್ನ ಮೆತ್ತಿಸಿ" ಎಂದೆ. ಅತ್ತೆಯ ಹತ್ತಿರ ಜಗಳಕ್ಕೆ ಹೋಗಲಿಲ್ಲ. "ಅತ್ತೆ, ಇನ್ಮೇಲೆ ಇದಕ್ಕೆ ನೀರು ಕುಡಿಸೋದು ನಿಮ್ಮ ಪಾಲು" ಎಂದುಬಿಟ್ಟೆ.

"ಆ ಶಿವನಿಗೂ ಇಷ್ಟು ಅಭಿಷೇಕ ಆಗಿಲ್ಲ ಕಣೇ" ಎಂದು ಗೊಣಗಿದರು. ಆದರೆ ಬೆಳಗಿನ ಕಾಫಿಗೂ ಮುಂಚೆ ಚೆಂಬು ಹಿಡಿದು ಹಿತ್ತಲಿಗೆ ಹೋಗುತ್ತಿದ್ದವರು ಅವರೇ. ಹುಲ್ಲು ಮುಟ್ಟಲು ಕೋಳಿಯನ್ನೂ ಬಿಡುತ್ತಿರಲಿಲ್ಲ.

ಮೊದಲ ದೊಡ್ಡ ಮಳೆಗೆ ತೊಟ್ಟಿ ಮುಕ್ಕಾಲು ತುಂಬಿತು. ಮಳೆ ನಿಂತ ಮೇಲೆ ಅತ್ತೆ ನೀರಿನ ಮಟ್ಟಕ್ಕೆ ಇದ್ದಿಲಲ್ಲಿ ಗೀಟೆಳೆದರು. ಮಾರನೆಯ ಬೆಳಿಗ್ಗೆ ನೀರು ಆ ಗೀಟಿನಲ್ಲೇ ನಿಂತಿತ್ತು. ಹೊರಗೋಡೆ ಸವರಿದರೆ ಬುಡದಲ್ಲಿ ಎಲ್ಲೂ ಜಿನುಗಿಲ್ಲ.

ಅಭ್ಯಾಸಬಲದಿಂದ ನಾನು ಸೊಂಟಕ್ಕೆ ಕೊಡ ಏರಿಸಿದ್ದೆ.

"ಎತ್ಲಾಗೆ ಹೊರಟೆ? ಇಡು ಅದನ್ನ ಕೆಳಗೆ" ಎಂದು ಗದರಿದರು ಅತ್ತೆ.

ಇಟ್ಟೆ. ತೊಟ್ಟಿಯಿಂದ ಒಂದು ಚೆಂಬು ನೀರು ಮೊಗೆದು ದೇವರ ಮುಂದಿಟ್ಟು, ಇನ್ನೊಂದು ಚೆಂಬಿನಲ್ಲಿ ಅಕ್ಕಿ ತೊಳೆದೆ.