ಮುನ್ನೂರಕ್ಕೆ ಸೊನ್ನೆ

ನಮ್ಮ ಭಾವನನ್ನು ಆಸ್ಪತ್ರೆಯಲ್ಲಿ ಎಲ್ಲರೂ ಮಷೀನ್ ಡಾಕ್ಟ್ರು ಎಂದೇ ಕರೆಯುವುದು. ಅಕ್ಕನ ಗಂಡ. ನಾನು ಅದೇ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನವಳು. ನೆಲಮಾಳಿಗೆಯಲ್ಲಿ, ಹಿಂದೆ ಹೊದಿಕೆ ದಿಂಬು ತುಂಬಿಡುತ್ತಿದ್ದ ಕೋಣೆಯಲ್ಲಿ ಅವರ ಸರ್ವರ್ ಇದೆ. ರೋಗಿಗಳ ರಿಪೋರ್ಟುಗಳೆಲ್ಲ ಅದರ ಹೊಟ್ಟೆಯೊಳಗೆ. ಅಲ್ಲಿ ಎ.ಸಿ. ನಿಲ್ಲುವಂತಿಲ್ಲ, ಹಾಗಾಗಿ ಭಾವನ ಮೈಮೇಲೆ ಬೇಸಿಗೆಯಲ್ಲೂ ಸ್ವೆಟರ್. ಮೇಲೆ ಊಟಕ್ಕೆ ಬಂದಾಗ ಅದನ್ನು ಬಿಚ್ಚುವುದು ಮರೆತು, ಬೆವರುತ್ತಾ ತಿನ್ನುತ್ತಾರೆ.

ಆ ಸರ್ವರ್ ಹನ್ನೊಂದು ವರ್ಷದಿಂದ ಒಂದು ಸಲವೂ ನಿಂತಿಲ್ಲ ಎನ್ನುವುದು ಅವರ ಹೆಮ್ಮೆ. ಆಫ್ ಮಾಡುವ ಗುಂಡಿಯ ಮೇಲೆ ಬಾಟಲಿ ಮುಚ್ಚಳವೊಂದನ್ನು ಅಂಟಿಸಿದ್ದರು, ಯಾರ ಮೊಣಕೈಯೂ ತಗಲಬಾರದೆಂದು. ಏನೇ ಕೆಟ್ಟರೂ ಓಡುತ್ತಿರುವಾಗಲೇ ರಿಪೇರಿ. ಯಾರಾದರೂ ರೀಸ್ಟಾರ್ಟ್ ಎಂದರೆ, "ಆಸ್ಪತ್ರೆಗೆ ಬೀಗ ಹಾಕೋ ದಿನ ಹೇಳಿ, ಅವತ್ತು ಮಾಡ್ತೀನಿ" ಅನ್ನುತ್ತಿದ್ದರು.

ಈ ವರ್ಷ ಆಡಳಿತಾಧಿಕಾರಿಗೆ ಹೊಸ ಹುಚ್ಚು ಹಿಡಿಯಿತು. ಸರ್ವರ್ ಕೋಣೆಯಲ್ಲಿ ಇರುವವರ ಹತ್ತಿರ, ಸರ್ವರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಸರ್ಟಿಫಿಕೇಟ್ ಇರಲೇಬೇಕು, ತಿಂಗಳ ಕೊನೆಯೊಳಗೆ. ಇಲ್ಲದಿದ್ದರೆ ಭಾವ ಹಳೆಯ ಫೈಲುಗಳ ಕೌಂಟರಿಗೆ, ಅವರ ಕುರ್ಚಿಗೆ ಹೊರಗಿನವರು. ಭಾವ ನಕ್ಕರು. ಮೀನಿಗೆ ಈಜು ಪರೀಕ್ಷೆಯೇ ಎಂದು ಅಕ್ಕನೂ ನಕ್ಕಳು.

ಅದು ಬರೆಯುವ ಪರೀಕ್ಷೆಯಲ್ಲ, ಮಾಡಿ ತೋರಿಸುವ ಪರೀಕ್ಷೆ. ಒಂದು ಖಾಲಿ ಕಂಪ್ಯೂಟರ್ ಕೊಡುತ್ತಾರೆ, ಇಪ್ಪತ್ತೆರಡು ಕೆಲಸ, ಮೂರು ಗಂಟೆ. ಮುಗಿಸಿ ಎದ್ದು ಬಂದ ಮೇಲೆ ಪರೀಕ್ಷೆಯವರ ಪ್ರೋಗ್ರಾಮೊಂದು ಒಂದೊಂದನ್ನೇ ತಪಾಸಣೆ ಮಾಡಿ ಅಂಕ ಹಾಕುತ್ತದೆ. ಭಾವ ಅರ್ಧ ಗಂಟೆ ಮೊದಲೇ ಮುಗಿಸಿದರು. ಎಲ್ಲವೂ ಕೆಲಸ ಮಾಡುತ್ತಿದ್ದುದನ್ನು ಎರಡೆರಡು ಸಲ ನೋಡಿಯೇ ಎದ್ದು ಬಂದರು.

ಮಾರನೇ ದಿನ ಫಲಿತಾಂಶ ಬಂತು. ಮುನ್ನೂರಕ್ಕೆ ಸೊನ್ನೆ.

ಕಡಿಮೆ ಅಂಕ ಬಂದಿದ್ದರೆ ಬೇಜಾರಾಗುತ್ತಿತ್ತು, ಅಷ್ಟೆ. ಸೊನ್ನೆ ನೋಡಿ ನಮಗೆ ಒಂಥರಾ ಭಯವೇ ಆಯಿತು. ಬಾಗಿಲು ತೆರೆದು ಒಳಗೆ ಹೋಗಿ ಸುಮ್ಮನೆ ಕೂತು ಬಂದವನಿಗೂ ನಾಲ್ಕು ಅಂಕ ಸಿಗಬೇಕಲ್ಲ! ಭಾವ ಮೂರು ಪುಟದ ಆಕ್ಷೇಪಣೆ ಬರೆದರು. ಮರುಪರೀಕ್ಷೆ ಸಿಗುವುದು ಎರಡು ತಿಂಗಳ ಮೇಲೆ, ಆದ್ದರಿಂದ ಉಳಿದಿದ್ದು ಇದೊಂದೇ ದಾರಿ. ನಾಲ್ಕು ದಿನಕ್ಕೆ ಉತ್ತರ ಬಂತು: "ನೀವು ಹೊರಟ ನಂತರ, ನಿಯಮದಂತೆ, ನಿಮ್ಮ ಯಂತ್ರವನ್ನು ಆರಿಸಿ ಮತ್ತೆ ಎಬ್ಬಿಸಲಾಯಿತು. ಹದಿನೈದು ನಿಮಿಷ ಕಾಯಲಾಯಿತು. ಅದು ಯಾವ ಕರೆಗೂ ಉತ್ತರಿಸಲಿಲ್ಲ."

"ಇದೇನ್ ಭಾವ, ಯಾರೋ ಹೋಗಿಬಿಟ್ಟ ಹಾಗೆ ಬರೆದಿದ್ದಾರೆ?" ಅಂದೆ.

ಭಾವ ನಗಲಿಲ್ಲ. "ನಾನು ಏಳುವಾಗ ಅದು ಚೆನ್ನಾಗೇ ಮಾತಾಡ್ತಿತ್ತು ಕಣಮ್ಮ. ಅವರು ಏನೋ ಮಾಡಿದ್ದಾರೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ನಾನು ರೇಗಿಸಿದೆ. ರೇಗಿಸಬಾರದಿತ್ತು. ಅವತ್ತು ತಟ್ಟೆ ಹಾಗೇ ಬಿಟ್ಟು ಎದ್ದರು. ಎರಡನೇ ಆಕ್ಷೇಪಣೆ ಆರು ಪುಟವಾಯಿತು. ದಿನವೂ ಅವರಿಂದ ಬಂದ ಉತ್ತರದ ಮೂರು ಸಾಲು ತೆಗೆದು ಓದುವರು, ಮಡಚುವರು, ಮತ್ತೆ ಓದುವರು.

ತಿಂಗಳು ಮುಗಿಯಲು ಒಂದು ವಾರ ಇರುವಾಗ ಅವರಿಗೆ ಹೊಸ ಯೋಚನೆ ಬಂತು. "ನನ್ನ ಸರ್ವರನ್ನ ರೀಸ್ಟಾರ್ಟ್ ಮಾಡ್ತೀನಿ. ಅದರ ಫೋಟೋ, ಟೈಮು ಎಲ್ಲ ಕಳಿಸ್ತೀನಿ. ನಾನು ಕೈಯಾರೆ ಕಟ್ಟಿದ್ದು ಎದ್ದು ಬರುತ್ತೋ ಇಲ್ವೋ ಅವರೇ ನೋಡಲಿ."

ಭಾನುವಾರ ಮಧ್ಯಾಹ್ನ, ಹೊರರೋಗಿಗಳು ಇಲ್ಲದ ಹೊತ್ತು. ತುರ್ತು ಬಂದರೆ ರಿಪೋರ್ಟನ್ನು ಕೈಯಲ್ಲಿ ಬರೆದುಕೊಡಿ ಎಂದು ವಾರ್ಡುಗಳಿಗೆಲ್ಲ ಹೇಳಿಯಾಗಿತ್ತು. ಭಾವ ಬಾಟಲಿ ಮುಚ್ಚಳವನ್ನು ಉಗುರಿನಿಂದ ಕಿತ್ತು ಗುಂಡಿ ಒತ್ತಿದರು. ಫ್ಯಾನುಗಳು ಒಂದೊಂದಾಗಿ ನಿಂತವು. ಆ ಕೋಣೆಯಲ್ಲಿ ಅಷ್ಟು ವರ್ಷ ಇದ್ದ ಗುಂಯ್ ಸದ್ದು ಇಲ್ಲವಾದಾಗ, ಗೋಡೆಯೊಳಗೆ ಎಲ್ಲೋ ನೀರು ಇಳಿಯುವುದು ಕೇಳಿಸಿತು. ನನ್ನ ಉಸಿರೂ ನನಗೆ ಕೇಳಿಸಿತು. ಇಲ್ಲಿಂದ ಹೋಗಿಬಿಡೋಣ ಅನ್ನಿಸಿತು, ನಿಜ ಹೇಳುತ್ತೇನೆ.

ಆಮೇಲೆ ದೀಪಗಳು ಹೊತ್ತಿಕೊಂಡವು, ಸರ್ವರ್ ಎದ್ದಿತು. ಭಾವ ನನ್ನತ್ತ ತಿರುಗಿ ಮೀಸೆ ಮುಟ್ಟಿಕೊಂಡರು. ನಾನು ಮೇಲೆ ಹೋಗಿ ಲ್ಯಾಬಿನ ಕಂಪ್ಯೂಟರಿನಲ್ಲಿ ನೋಡಿದೆ. ಸರ್ವರ್ ಇಲ್ಲ. ಹದಿನೈದು ನಿಮಿಷ ಆದರೂ ಇಲ್ಲ.

ಕೆಳಗೆ ಓಡಿ ಬಂದರೆ ಭಾವ ಗರ ಬಡಿದವರಂತೆ ಪರದೆ ನೋಡುತ್ತಿದ್ದರು. ಸರ್ವರ್ ಸತ್ತಿರಲಿಲ್ಲ. ಉಳಿದ ಕಂಪ್ಯೂಟರುಗಳು ಅದನ್ನು ಹುಡುಕಿಕೊಂಡು ಬರುವ ವಿಳಾಸವಿರುತ್ತದಲ್ಲ, ಹನ್ನೊಂದು ವರ್ಷದ ಹಿಂದಿನ ಅದನ್ನೇ ಇಟ್ಟುಕೊಂಡು ಕೂತಿತ್ತು. ಹೆರಿಗೆ ವಾರ್ಡಿನ ಪ್ರಿಂಟರನ್ನು ಬಿಟ್ಟೂಬಿಡದೆ ಕರೆಯುತ್ತಿತ್ತು. ಆ ವಾರ್ಡು ಕೆಡವಿ ಎಂಟು ವರ್ಷವಾಗಿದೆ, ಅಲ್ಲೀಗ ಸ್ಕೂಟರ್ ನಿಲ್ಲಿಸುತ್ತೇವೆ. ತೀರಿಹೋದ ಹಳೆಯ ಮೇಲ್ವಿಚಾರಕರ ಹೆಸರು ಹಿಡಿದು "ಸ್ವಾಗತ" ಎಂದು ಬರೆದಿತ್ತು. ರೋಗಿಗಳ ರಿಪೋರ್ಟುಗಳು ಭದ್ರವಾಗಿದ್ದವು. ಆದರೆ ಭಾವ ಅದಕ್ಕೆ ಕಲಿಸಿದ್ದು ಒಂದೂ ಉಳಿದಿರಲಿಲ್ಲ.

"ನಾನು ಎಲ್ಲಾ ಬಾಯಲ್ಲೇ ಹೇಳಿಬಿಟ್ಟಿದ್ದೀನಿ" ಅಂದರು, ಬಹಳ ಮೆಲ್ಲಗೆ. "ಬರೆದು ಇಟ್ಟೇ ಇಲ್ಲ."

ಆಮೇಲೆ ನನಗೆ ಬಿಡಿಸಿ ಹೇಳಿದರು. ಆಜ್ಞೆ ಕೊಟ್ಟ ತಕ್ಷಣ ಕಂಪ್ಯೂಟರ್ ಹೇಳಿದ ಹಾಗೆ ಕೇಳುತ್ತದೆ. ಆದರೆ ಅದನ್ನು ಫೈಲಿನಲ್ಲಿ ಬರೆದಿಡದಿದ್ದರೆ, ಒಮ್ಮೆ ಆರಿ ಎದ್ದಾಗ ಮರೆತುಬಿಡುತ್ತದೆ. ಎಂದೂ ಆರದ ಯಂತ್ರಕ್ಕೆ ಬರೆದಿಡುವ ಅಗತ್ಯವೇ ಬಿದ್ದಿರಲಿಲ್ಲ, ಅವರ ಕೈಗೆ ಆ ಅಭ್ಯಾಸವೇ ತಪ್ಪಿಹೋಗಿತ್ತು. ಪರೀಕ್ಷೆಯಲ್ಲೂ ಮಾಡಿದ್ದು ಅದನ್ನೇ. ಮೊದಲ ಕೆಲಸವೇ ಯಂತ್ರಕ್ಕೆ ವಿಳಾಸ ಕೊಡುವುದು. ಆರಿಸಿ ಎಬ್ಬಿಸಿದಾಗ ವಿಳಾಸವೇ ಇಲ್ಲ. ತಪಾಸಣೆಯ ಪ್ರೋಗ್ರಾಮ್ ಎಲ್ಲಿಗೆ ಹೋಗಬೇಕು?

ಎರಡೂವರೆ ಗಂಟೆ ಕೂತು ಎಲ್ಲವನ್ನೂ ನೆನಪಿನಿಂದ ತೆಗೆದು ಬರೆದಿಟ್ಟರು. ಮತ್ತೆ ಆರಿಸಿ ಎಬ್ಬಿಸಿದರು. ಈ ಸಲ ಲ್ಯಾಬಿಗೆ ಸಿಕ್ಕಿತು. ಭಾವ ಫೋಟೋ ತೆಗೆಯಲಿಲ್ಲ.

ಮಂಗಳವಾರ ಎರಡನೇ ಆಕ್ಷೇಪಣೆಗೆ ಉತ್ತರ ಬಂತು. ಪರೀಕ್ಷೆಯ ದಿನ ಕೇಂದ್ರದಲ್ಲಿ ಮೂರು ನಿಮಿಷ ಕರೆಂಟ್ ಹೋಗಿದ್ದು ಈಗ ಗೊತ್ತಾಗಿದೆಯಂತೆ. ಆಕ್ಷೇಪಣೆ ಮನ್ನಿಸಲಾಗಿದೆ, ಅವರು ಕೂತಿದ್ದಾಗ ದಾಖಲಾದ ಕೆಲಸದ ಮೇಲೆ ಇನ್ನೂರ ಎಪ್ಪತ್ತೊಂದು ಅಂಕ. ಕರೆಂಟ್ ದೋಷದಿಂದಲೇ ಹೀಗಾಯಿತು ಎಂದು ಒಪ್ಪಿ ಒಂದು ಸಹಿ ಹಾಕಿ ಕಳಿಸಿದರೆ ಸಾಕು.

ಅಕ್ಕ ಕುಣಿದಾಡಿಬಿಟ್ಟಳು. "ನೋಡ್ರೀ, ಸತ್ಯ ಯಾವತ್ತಿದ್ರೂ ಗೆಲ್ಲುತ್ತೆ!" ಭಾವ ನನ್ನ ಮುಖ ನೋಡಿದರು. ಭಾನುವಾರ ಕೆಳಗೆ ನಡೆದದ್ದು ಗೊತ್ತಿದ್ದವಳು ನಾನೊಬ್ಬಳೇ.

"ಕರೆಂಟ್ ಹೋಗದಿದ್ರೂ ಅದು ಏಳ್ತಿರಲಿಲ್ಲ" ಎಂದು ನನಗಷ್ಟೇ ಕೇಳುವ ಹಾಗೆ ಹೇಳಿದರು. ಫೈಲುಗಳ ಕೌಂಟರಿನಲ್ಲಿ ಅವರನ್ನು ಕಲ್ಪಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಅವರು ಸಹಿ ಹಾಕಿದರು.

ಕುರ್ಚಿ ಉಳಿಯಿತು. ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಆಡಳಿತಾಧಿಕಾರಿಯೇ ಆ ಕೋಣೆಯಲ್ಲಿ ತೂಗುಹಾಕಿಸಿದ್ದಾರೆ. ಮುಗಿಯಿತಲ್ಲ ಎಂದುಕೊಂಡಿದ್ದೆ. ಮೊನ್ನೆ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಬೆಳಿಗ್ಗೆ ಎಚ್ಚರ ಆದ ಮೇಲೂ ಇವರು ಕಣ್ಣು ಬಿಡಲ್ಲ ಕಣೇ. ಹಾಗೇ ಮಲಗಿಕೊಂಡು ತಮ್ಮ ಹೆಸರು ಹೇಳ್ಕೋತಾರೆ. ಆಮೇಲೆ ಮನೆ ನಂಬರ್, ಬೀದಿ. ಆಮೇಲೆ ಮಗಳ ಹೆಸರು. ಕೊನೇಲಿ ನಂದು. ಎಲ್ಲ ಆದ ಮೇಲೇ ಕಣ್ಣು ಬಿಡೋದು."

"ಕೇಳಲಿಲ್ವಾ, ಯಾಕೆ ಅಂತ?"

"ಮೊದಮೊದಲು ನಗು ಬರ್ತಿತ್ತು, ಕೇಳಲಿಲ್ಲ." ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು. "ಈಗ ನನಗೇ ಅವರಿಗಿಂತ ಮೊದಲು ಎಚ್ಚರ ಆಗ್ಬಿಡುತ್ತೆ. ಉಸಿರು ಬಿಗಿಹಿಡಿದು ಮಲಗಿರ್ತೀನಿ, ನನ್ನ ಹೆಸರು ಬರೋವರೆಗೂ."